ಕಾರಿನಲ್ಲಿ ಪೋಲೋ ಆಡಿಸಿದ ಪ್ಯಾಪಿ ಹ್ಯಾಂಕಿನ್‌ಸನ್

ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಇದು ನನ್ನ ಎರಡನೇ ಬರಹ. ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವನು, ಹಾಗಾಗಿ ಒತ್ತಕ್ಷರ, ದೀರ್ಘ ತಪ್ಪಿದ್ದರೆ ಬೈಕೊಳ್ಳದೆ ತಿದ್ದಿಕೊಂಡು ಓದಿ.

ಈ ಸಲ ವ್ಯಕ್ತಿ ಪರಿಚಯದ ಸಂಚಿಕೆ ಅಂತ ಹೇಳಿದಾಗ ಗ್ರೂಪಿನಲ್ಲಿ ಐದೇ ನಿಮಿಷಕ್ಕೆ ಸರ್ ಎಂ. ವಿ., ಟೆಸ್ಲಾ, ಕಲಾಂ ಎಲ್ಲರೂ ಬುಕ್ ಆಗಿಬಿಟ್ಟರು. ನಾನು ಆರಿಸಿಕೊಂಡ ಹೆಸರು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ನೂರು ವರ್ಷದ ಹಿಂದೆ ಅಮೆರಿಕದ ಜಾತ್ರೆ ಮೈದಾನಗಳಲ್ಲಿ, ರೇಸ್ ಟ್ರ್ಯಾಕ್‌ಗಳಲ್ಲಿ ಈ ಹೆಸರು ಕೇಳದವರು ಕಡಿಮೆ. ರಾಲ್ಫ್ ಹ್ಯಾಂಕಿನ್‌ಸನ್. ಪ್ರೀತಿಯಿಂದ ಜನ ಕರೆಯುತ್ತಿದ್ದದ್ದು ಪ್ಯಾಪಿ ಅಂತ. ಕುದುರೆಯ ಬದಲು ಕಾರಿನಲ್ಲಿ ಕೂತು ಪೋಲೋ ಆಡುವ ಆಟವನ್ನು ಊರೂರಿಗೆ ಹಬ್ಬಿಸಿದ ಮನುಷ್ಯ.

ಇವನೇ ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

ಹೋದ ಸೆಮಿಸ್ಟರ್ ಫೆಸ್ಟ್ ಮುಗಿದ ಮಾರನೇ ದಿನ ಹಾಸ್ಟೆಲ್ ಹಿಂದಿನ ಖಾಲಿ ಜಾಗದಲ್ಲಿ ನಾವೊಂದಿಷ್ಟು ಜನ ಸ್ಕೂಟರ್ ಪೋಲೋ ಆಡಿದೆವು. ಎರಡು ಸ್ಕೂಟರ್, ಎರಡು ಹಾಕಿ ಸ್ಟಿಕ್, ಒಂದು ಹಳೇ ಬ್ಯಾಸ್ಕೆಟ್‌ಬಾಲ್. ಮುಂದೆ ಕೂತವನು ಓಡಿಸಬೇಕು, ಹಿಂದೆ ಕೂತವನು ಹೊಡೆಯಬೇಕು. ಐಡಿಯಾ ನನ್ನದು. ಪೋಸ್ಟರ್ ಮಾಡಿ ಗ್ರೂಪಿಗೆ ಹಾಕಿದ್ದು ನಾನು. ಬ್ಲೂಟೂತ್ ಸ್ಪೀಕರ್ ಹಿಡಿದು ಕಾಮೆಂಟರಿ ಮಾಡಿದ್ದೂ ನಾನೇ. ಸ್ಕೂಟರ್ ಹತ್ತಿದ್ದು ಮಾತ್ರ ನಾನಲ್ಲ. ಏಳನೇ ನಿಮಿಷಕ್ಕೆ ಎರಡು ಸ್ಕೂಟರ್ ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿಹಾಕಿಕೊಂಡು ಹಿಂದೆ ಕೂತಿದ್ದ ನನ್ನ ರೂಮ್‌ಮೇಟ್ ಹಾರಿ ಬಿದ್ದ. ಕಾಲರ್ ಬೋನ್ ಎರಡು ತುಂಡು. ಪ್ಲೇಟ್ ಹಾಕಬೇಕಾಯ್ತು.

ಅವತ್ತು ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, ಇಂಥ ಆಟ ಪ್ರಪಂಚದಲ್ಲಿ ಇನ್ಯಾರಾದರೂ ಆಡಿದ್ದಾರಾ ಅಂತ ಫೋನಿನಲ್ಲಿ ಹುಡುಕಿದೆ. ಆಗ ಸಿಕ್ಕವನು ಪ್ಯಾಪಿ.

ಚಕ್ಕರ್ ಎಲ್ಲಿಂದ ಬಂತು

ಪೋಲೋ ಅಂದ ತಕ್ಷಣ ನಮಗೆ ರಾಜಮನೆತನ, ಬಿಳಿ ಪ್ಯಾಂಟು, ಇಂಗ್ಲೆಂಡ್ ನೆನಪಾಗುತ್ತೆ. ಆದರೆ ಇವತ್ತಿನ ಪೋಲೋ ಹುಟ್ಟಿದ್ದು ನಮ್ಮ ಮಣಿಪುರದಲ್ಲಿ. ಅಲ್ಲಿ ಅದಕ್ಕೆ ಸಗೋಲ್ ಕಾಂಗ್ಜೈ ಅನ್ನುತ್ತಾರೆ. ಬ್ರಿಟಿಷ್ ಟೀ ತೋಟದವರು, ಸೈನ್ಯದ ಅಧಿಕಾರಿಗಳು ಅದನ್ನು ನೋಡಿ ಕಲಿತು 1859ರಲ್ಲಿ ಸಿಲ್ಚಾರಿನಲ್ಲಿ ಕ್ಲಬ್ ಮಾಡಿದರು. ಆಮೇಲೆ ಕಲ್ಕತ್ತಾ, ಅಲ್ಲಿಂದ ಇಂಗ್ಲೆಂಡ್, 1876ರಲ್ಲಿ ಅಮೆರಿಕ. ಪೋಲೋ ಆಟದ ಒಂದೊಂದು ಸುತ್ತಿಗೆ ಇಂಗ್ಲಿಷಿನವರು ಇವತ್ತಿಗೂ ಚಕ್ಕರ್ ಅಂತಲೇ ಹೇಳೋದು. ನಮ್ಮ ಹಿಂದಿಯ ಚಕ್ಕರ್ ಅದು. ಕೆಲಸಕ್ಕೆ ಚಕ್ಕರ್, ಊಟಕ್ಕೆ ಹಾಜರ್ ಅಂತ ನಮಗೆ ಬೈಯುವಾಗ ಬಳಸೋ ಚಕ್ಕರ್ ಬೇರೆ, ಅದು ಕ್ಲಾಸ್ ಬಂಕ್ ಮಾಡುವವರ ಆಟ.

ಕುದುರೆ ಪೋಲೋಗೆ ದೊಡ್ಡ ತೊಂದರೆ ಅಂದರೆ ಖರ್ಚು ಮತ್ತು ಜಾಗ. ಮೈದಾನವೇ 300 ಗಜ ಉದ್ದ, ಅಂದರೆ ಸುಮಾರು 274 ಮೀಟರ್. ಒಬ್ಬೊಬ್ಬ ಆಟಗಾರನಿಗೂ ಒಂದಕ್ಕಿಂತ ಹೆಚ್ಚು ಕುದುರೆ ಬೇಕು, ಯಾಕಂದರೆ ಕುದುರೆಗೆ ಸುಸ್ತಾಗುತ್ತೆ. ಹಾಗಾಗಿ ಕುದುರೆ ಬದಲು ಬೇರೆ ಏನಾದರೂ ಹತ್ತಿ ಆಡಿದರೆ ಹೇಗೆ ಅನ್ನೋ ಯೋಚನೆ ತುಂಬಾ ಜನಕ್ಕೆ ಬಂದಿದೆ. ಐರ್ಲೆಂಡಿನಲ್ಲಿ 1891ರಲ್ಲಿ ರಿಚರ್ಡ್ ಮೆಕ್ರೆಡಿ ಅನ್ನೋ ಸೈಕಲ್ ರೇಸರ್ ಸೈಕಲ್ ಪೋಲೋ ಶುರು ಮಾಡಿದ. ಅದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯವಾಗಿ ಆಡುವಷ್ಟು ಬೆಳೆಯಿತು. ಕಾರಿನ ಯೋಚನೆಯೂ ಪ್ಯಾಪಿಗಿಂತ ಮುಂಚೆಯೇ ಇತ್ತು. 1902ರಲ್ಲಿ ಬಾಸ್ಟನ್ ಹತ್ತಿರದ ಡೆಡ್‌ಹ್ಯಾಮ್ ಪೋಲೋ ಕ್ಲಬ್ಬಿನ ಜೋಶುವಾ ಕ್ರೇನ್ ಅನ್ನುವವನು ಸಣ್ಣ ಉಗಿ ಕಾರುಗಳನ್ನು ಮೈದಾನಕ್ಕಿಳಿಸಿ ಆಡಿ ತೋರಿಸಿದ್ದ. ಒಂದು ಕಾರಿನಲ್ಲಿ ಒಬ್ಬನೇ ಕೂರಬೇಕು, ಬೆಲೆ 650 ಡಾಲರ್. ಇದು ಜನಪ್ರಿಯ ಆಗೋ ಆಟ ಅಲ್ಲ ಅಂತ ಆಗಿನ ಪತ್ರಿಕೆಯೊಂದು ಬರೆದು ಮುಗಿಸಿತ್ತು. ಹತ್ತು ವರ್ಷ ಆ ಮಾತು ನಿಜವೇ ಆಯಿತು.

ಟೊಪೀಕಾದ ಕಾರ್ ಡೀಲರ್

ಹ್ಯಾಂಕಿನ್‌ಸನ್ ಹುಟ್ಟಿದ್ದು 1879ರಲ್ಲಿ. ಅವನು ಎಂಜಿನಿಯರ್ ಅಲ್ಲ, ರೇಸರ್ ಅಲ್ಲ, ಪೋಲೋ ಆಟಗಾರನಂತೂ ಅಲ್ಲವೇ ಅಲ್ಲ. ಅಮೆರಿಕದ ನಟ್ಟ ನಡುವೆ ಇರುವ ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನಲ್ಲಿ ಫೋರ್ಡ್ ಕಾರ್ ಮಾರುವ ಡೀಲರ್. ಸುತ್ತಲೂ ಗೋಧಿ ಹೊಲ, ಮಣ್ಣಿನ ರಸ್ತೆ, ಗಿರಾಕಿಗಳೆಲ್ಲ ರೈತರು.

ಫೋರ್ಡ್ ಮಾಡೆಲ್ ಟಿ ಮಾರುಕಟ್ಟೆಗೆ ಬಂದಿದ್ದು 1908ರಲ್ಲಿ, ಬೆಲೆ 850 ಡಾಲರ್. ಅದುವರೆಗೂ ಕುದುರೆ ಗಾಡಿಯಲ್ಲಿ ಓಡಾಡಿದ ರೈತನಿಗೆ ಅದು ಸಣ್ಣ ದುಡ್ಡಲ್ಲ. ಅವನ ಅನುಮಾನವೂ ನ್ಯಾಯವೇ. ಈ ತಗಡಿನ ಡಬ್ಬ ನಮ್ಮ ಹಳ್ಳ ದಿಣ್ಣೆ ತಡೆಯುತ್ತಾ? ಕೆಸರಲ್ಲಿ ಸಿಕ್ಕಿಕೊಂಡರೆ? ಉರುಳಿ ಬಿದ್ದರೆ? ಇದಕ್ಕೆ ಬ್ರೋಷರ್ ತೋರಿಸಿ ಉತ್ತರ ಕೊಡೋಕಾಗಲ್ಲ. 1911ರಲ್ಲಿ ಹ್ಯಾಂಕಿನ್‌ಸನ್ ಯೋಚಿಸಿದ್ದು ಇಲ್ಲೇ. ಕಾರನ್ನು ಎಲ್ಲರ ಕಣ್ಣೆದುರು ಗುದ್ದಿಸಿ, ಉರುಳಿಸಿ, ಮತ್ತೆ ಎತ್ತಿ ನಿಲ್ಲಿಸಿ, ಸ್ಟಾರ್ಟ್ ಮಾಡಿ ಓಡಿಸಿದರೆ? ಅದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ? ಅದಕ್ಕೊಂದು ಆಟದ ರೂಪ ಬೇಕಿತ್ತು ಅಷ್ಟೇ. ಕ್ರಾಶ್ ಟೆಸ್ಟ್‌ಗೆ ಟಿಕೆಟ್ ಇಟ್ಟ ಹಾಗೆ ಅಂತ ಅಂದುಕೊಳ್ಳಿ.

1912ರ ಜುಲೈ 20. ವಿಚಿಟಾ ಊರಿನ ಹೊರಗೆ ದನದ ಮೇವಿಗೆ ಬೆಳೆಯುವ ಆಲ್ಫಾಲ್ಫಾ ಹೊಲ. ನಾಲ್ಕು ಕಾರು, ಎಂಟು ಜನ ಆಟಗಾರರು. ಒಂದು ತಂಡದ ಹೆಸರು ರೆಡ್ ಡೆವಿಲ್ಸ್, ಇನ್ನೊಂದು ಗ್ರೇ ಘೋಸ್ಟ್ಸ್. ಕೆಂಪು ದೆವ್ವಗಳಿಗೂ ಬೂದು ಭೂತಗಳಿಗೂ ಪಂದ್ಯ, ಹೆಸರಲ್ಲೇ ಮಾರ್ಕೆಟಿಂಗ್. ನೋಡೋಕೆ ಬಂದವರು 5,000 ಜನ. ಆಗ ಟಿವಿ ಇಲ್ಲ, ರೇಡಿಯೋ ಪ್ರಸಾರವೂ ಇಲ್ಲ. ಅಷ್ಟು ಜನ ಸೇರಿದರು ಅಂದರೆ ಅವನ ಕಾಮೆಂಟರಿ ನನ್ನದಕ್ಕಿಂತ ಚೆನ್ನಾಗಿತ್ತು ಅನ್ಸುತ್ತೆ.

ಆಟದ ನಿಯಮ ಸರಳ

ಮೈದಾನ ಕನಿಷ್ಠ 300 ಅಡಿ ಉದ್ದ, 120 ಅಡಿ ಅಗಲ. ಅಂದರೆ ಸುಮಾರು 91 ಮೀಟರ್‌ಗೆ 37 ಮೀಟರ್. ನಮ್ಮ ಫುಟ್‌ಬಾಲ್ ಗ್ರೌಂಡಿನ ಹತ್ತಿರ ಹತ್ತಿರ ಅರ್ಧ. ಎರಡೂ ತುದಿಯಲ್ಲಿ 15 ಅಡಿ ಅಗಲದ ಗೋಲು. ಒಂದು ತಂಡಕ್ಕೆ ಎರಡು ಕಾರು, ಒಂದು ಕಾರಿಗೆ ಇಬ್ಬರು. ಒಬ್ಬ ಡ್ರೈವರ್, ಅವನಿಗೆ ಬೆಲ್ಟ್ ಇರುತ್ತಿತ್ತು. ಇನ್ನೊಬ್ಬ ಮ್ಯಾಲೆಟ್ ಹಿಡಿಯುವವನು. ಅವನಿಗೆ ಬೆಲ್ಟ್ ಇಲ್ಲ, ಕಾರಿನ ಪಕ್ಕದಲ್ಲಿ ಒಂದು ಕೈಯಲ್ಲಿ ಜೋತು ಬಿದ್ದುಕೊಂಡು ಇನ್ನೊಂದು ಕೈಯಲ್ಲಿ ಬೀಸಬೇಕು. ಚೆಂಡು ಬ್ಯಾಸ್ಕೆಟ್‌ಬಾಲ್. ಇದನ್ನು ಓದಿದಾಗ ನನಗೆ ಮೈ ಜುಂ ಅಂತು, ನಾವೂ ಅದನ್ನೇ ತಗೊಂಡಿದ್ದೆವಲ್ಲ. ಮ್ಯಾಲೆಟ್‌ನ ತಲೆ ಮೂರು ಪೌಂಡ್, ಅಂದರೆ ಸುಮಾರು 1.36 ಕೆಜಿ. ಯಾಕಷ್ಟು ಭಾರ ಅಂದರೆ, ವೇಗವಾಗಿ ಹೋಗುತ್ತಾ ಗಾಳಿ ತುಂಬಿದ ಚೆಂಡಿಗೆ ಹೊಡೆದಾಗ ಹಗುರ ಮ್ಯಾಲೆಟ್ ವಾಪಸ್ ಪುಟಿದು ಹೊಡೆದವನಿಗೇ ಬಡಿಯುತ್ತೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಮೊಮೆಂಟಮ್ ಓದಿದವರಿಗೆ ಇದು ಅರ್ಥ ಆಗುತ್ತೆ.

ಕಾರಿನ ವೇಗ ಗಂಟೆಗೆ 40 ಮೈಲಿವರೆಗೆ, ಅಂದರೆ 64 ಕಿಮೀ. ಈ ವೇಗದಲ್ಲಿ ಆ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಐದು ಸೆಕೆಂಡ್ ಸಾಕು. ಎದುರಿನಿಂದ ಇನ್ನೆರಡು ಕಾರು ಅದೇ ಚೆಂಡಿಗೆ ಬರ್ತಾ ಇರುತ್ತೆ. ಯೋಚನೆ ಮಾಡಿ.

ಮಾಡೆಲ್ ಟಿ ಯಾಕೆ ಇದಕ್ಕೆ ಸರಿಹೋಯ್ತು

ಈ ಭಾಗ ಮೆಕ್ಯಾನಿಕಲ್‌ನವರಿಗೆ, ಆದರೆ ಸಿಎಸ್‌ನವರೂ ಸ್ಕಿಪ್ ಮಾಡಬೇಡಿ.

ಮಾಡೆಲ್ ಟಿ ಬರೀ 540 ಕೆಜಿ ಆಸುಪಾಸು ತೂಕದ, 20 ಎಚ್‌ಪಿ ಎಂಜಿನ್ನಿನ ಕಾರು. ನಾಲ್ಕು ಸಿಲಿಂಡರ್, 2.9 ಲೀಟರ್. ವೆನೇಡಿಯಂ ಸೇರಿಸಿದ ಗಟ್ಟಿ ಉಕ್ಕು ಬಳಸಿದ್ದರಿಂದ ತೂಕ ಕಮ್ಮಿ, ತಾಕತ್ತು ಜಾಸ್ತಿ. ಆದರೆ ಪೋಲೋಗೆ ಅದನ್ನು ಹೇಳಿ ಮಾಡಿಸಿದ ಹಾಗೆ ಮಾಡಿದ್ದು ಅದರ ಗೇರ್. ನಮ್ಮ ಕಾರಿನ ತರ ಗೇರ್ ಲಿವರ್ ಹಾಕೋದು ಅದರಲ್ಲಿ ಇಲ್ಲ. ಪ್ಲಾನೆಟರಿ ಗೇರ್, ಕಾಲಲ್ಲಿ ಮೂರು ಪೆಡಲ್. ಎಡಗಡೆಯದು ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧಕ್ಕೆ ಬಿಟ್ಟರೆ ನ್ಯೂಟ್ರಲ್, ಪೂರ್ತಿ ಬಿಟ್ಟರೆ ಹೈ. ನಡುವಿನದು ರಿವರ್ಸ್. ಬಲಗಡೆಯದು ಬ್ರೇಕ್. ಗೇರ್ ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ, ಪೆಡಲ್ ಒತ್ತಿದಾಗ ಡ್ರಮ್ ಮೇಲಿನ ಪಟ್ಟಿ ಬಿಗಿಯಾಗುತ್ತೆ ಅಷ್ಟೇ. ಅದಕ್ಕೇ ಮುಂದೆ ಹೋಗ್ತಾ ಇರುವ ಕಾರನ್ನು ಒಂದು ಕಾಲು ಬದಲಾಯಿಸಿ ಹಿಂದಕ್ಕೆ ಎಳೆಯಬಹುದು, ಹಲ್ಲು ಕಿತ್ತುಹೋಗಲ್ಲ. ಚೆಂಡು ಹಿಂದೆ ಉಳಿಯಿತಾ, ರಿವರ್ಸ್. ಸಿಕ್ಕಿತಾ, ಮತ್ತೆ ಮುಂದೆ. ಪೋಲೋ ಕುದುರೆ ನಿಂತಲ್ಲೇ ತಿರುಗುತ್ತಲ್ಲ, ಹೆಚ್ಚು ಕಡಿಮೆ ಹಾಗೆ.

ಇನ್ನು ಅಪಾಯದ ಲೆಕ್ಕ. ಕಾರಿನ ಎಡ ಬಲ ಚಕ್ರಗಳ ಅಂತರ 56 ಇಂಚು, ಅಂದರೆ 1.42 ಮೀಟರ್. ಹೊಲ ಗದ್ದೆಯಲ್ಲಿ ಓಡಲಿ ಅಂತ ಕಾರನ್ನು ಎತ್ತರ ಮಾಡಿದ್ದರು, ಹಾಗಾಗಿ ಸೆಂಟರ್ ಆಫ್ ಗ್ರಾವಿಟಿಯೂ ಮೇಲೆ. ತಿರುವಿನಲ್ಲಿ ಕಾರು ಉರುಳದೇ ಇರೋಕೆ ಅಡ್ಡ ವೇಗೋತ್ಕರ್ಷ ಎಷ್ಟಿರಬಹುದು ಅನ್ನೋದಕ್ಕೆ ಸುಲಭದ ಸೂತ್ರ ಇದೆ. ಚಕ್ರಗಳ ಅಂತರವನ್ನು ಸೆಂಟರ್ ಆಫ್ ಗ್ರಾವಿಟಿಯ ಎತ್ತರದ ಎರಡರಷ್ಟರಿಂದ ಭಾಗಿಸಿ, ಜಿ ಲೆಕ್ಕದಲ್ಲಿ ಉತ್ತರ ಬರುತ್ತೆ. ಎತ್ತರ 0.7 ಮೀಟರ್ ಅಂತ ಇಟ್ಟುಕೊಂಡರೆ ಸುಮಾರು 1 ಜಿ. ಈಗ 15 ಮೀಟರ್ ತ್ರಿಜ್ಯದ ತಿರುವನ್ನು ಬರೀ 40 ಕಿಮೀ ವೇಗದಲ್ಲಿ ತಗೊಳ್ಳಿ. ಅದೇ 0.84 ಜಿ ಆಗಿಬಿಡುತ್ತೆ. ಮೇಲೆ 70 ಕೆಜಿಯ ಒಬ್ಬ ಮನುಷ್ಯ ಹೊರಗಡೆ ಜೋತು ಬಿದ್ದಿದ್ದಾನೆ. ಚಕ್ರ ಎಲ್ಲೋ ಮಣ್ಣಿನ ಹೆಂಟೆಗೆ ತಗುಲಿದರೆ ಮುಗಿಯಿತು, ಪಲ್ಟಿ.

ಗುದ್ದಿದರೆ? 64 ಕಿಮೀ ವೇಗ ಅಂದರೆ 16 ಮೀಟರ್ ಎತ್ತರದಿಂದ ಬಿದ್ದ ಹಾಗೆ. ನಮ್ಮ ಹಾಸ್ಟೆಲ್ ಬ್ಲಾಕಿನ ಟೆರೇಸಿನಿಂದ ಬಿದ್ದ ಹಾಗೆ ಅಂದುಕೊಳ್ಳಿ. ಹಗುರ ಆಗಲಿ ಅಂತ ಪೋಲೋ ಕಾರಿನಿಂದ ಬಾಗಿಲು, ಟಾಪು, ಮುಂದಿನ ಗಾಜು ಎಲ್ಲ ಕಿತ್ತು ಹಾಕಿರುತ್ತಿದ್ದರು. ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಬಹಳಷ್ಟು ಮಾಡೆಲ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಸೀಟಿನ ಕೆಳಗೆ. ಸೆಲ್ಫ್ ಸ್ಟಾರ್ಟ್ ಆಗ ಇರಲಿಲ್ಲ, ಆಟದ ನಡುವೆ ಎಂಜಿನ್ ಆಫ್ ಆದರೆ ಒಬ್ಬ ಇಳಿದು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಸುತ್ತಲೂ ಉಳಿದ ಕಾರು ಓಡ್ತಾ ಇರುತ್ತವೆ.

ಆಮೇಲಾಮೇಲೆ ಕೆಲವು ಕಾರಿಗೆ ಕಬ್ಬಿಣದ ಬಳೆ ತರದ ರೋಲ್ ಬಾರ್ ಹಾಕಿದರು. ನಮ್ಮ ಬಾಹಾ ಟೀಮಿನವರು ವೆಲ್ಡ್ ಮಾಡಿ ಮಾಡಿ ಬೇಜಾರಾಗುವ ರೋಲ್ ಕೇಜ್ ಇದೆಯಲ್ಲ, ಅದರ ಮುತ್ತಜ್ಜ ಅನ್ನಬಹುದು. ಆದರೆ ಅದು ಒಳಗೆ ಕೂತವನಿಗೆ ಮಾತ್ರ. ಹೊರಗೆ ಜೋತು ಬಿದ್ದವನಿಗೆ ಅಲ್ಲ.

ಊರೂರು ತಿರುಗಿದ ಆಟ

ವಿಚಿಟಾ ಆದ ನಾಲ್ಕೇ ತಿಂಗಳಿಗೆ, 1912ರ ನವೆಂಬರ್ 22ಕ್ಕೆ ವಾಷಿಂಗ್ಟನ್ನಿನ ಲೀಗ್ ಪಾರ್ಕ್‌ನಲ್ಲಿ ದೊಡ್ಡ ಪ್ರದರ್ಶನ. ಮಾರನೇ ದಿನವೇ ನ್ಯೂಯಾರ್ಕಿನ ಹಿಲ್‌ಟಾಪ್ ಪಾರ್ಕ್‌ನಲ್ಲಿ ಇನ್ನೊಂದು. 1913ರ ಬೇಸಿಗೆಯಲ್ಲಿ ವಿಚಿಟಾದ ತಂಡಗಳು ಯುರೋಪಿಗೆ ಹೋದವು. ಅದೇ ವರ್ಷ ಕೆನಡಾದ ಟೊರಾಂಟೋದಲ್ಲಿ ನಡೆಯುವ ರಾಷ್ಟ್ರೀಯ ವಸ್ತುಪ್ರದರ್ಶನದಲ್ಲೂ ಆಡಿದರು, ಆದರೆ ಅಲ್ಲಿ ಆಟ ಬೇರು ಬಿಡಲಿಲ್ಲ. ಬ್ರಿಟನ್ನಿನ ಒಂದು ಕಾರು ಪತ್ರಿಕೆ ಇದನ್ನು ಹುಚ್ಚರ ಆಟ ಅಂತ ಬರೆದು, ನಮ್ಮ ದೇಶಕ್ಕೆ ಬಾರದಿರಲಿ ಅಂತ ಹಾರೈಸಿತು. ಹ್ಯಾಂಕಿನ್‌ಸನ್ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವನಲ್ಲ, ಬ್ರಿಟನ್ನಿನಿಂದಲೇ ಆಟಗಾರರನ್ನು ಕರೆಸಿ ತಂಡ ಕಟ್ಟಿದ.

ಜಾಗ ಕಡಿಮೆ ಸಾಕಾಗಿದ್ದರಿಂದ ಚಳಿಗಾಲದಲ್ಲಿ ಛಾವಣಿ ಇರುವ ಅಖಾಡದಲ್ಲೂ ಆಡಬಹುದಿತ್ತು. ಕುದುರೆ ಪೋಲೋಗೆ ಇಲ್ಲದ ಅನುಕೂಲ ಇದು. 1920ರ ದಶಕದಲ್ಲಿ ನ್ಯೂಯಾರ್ಕ್ ಮತ್ತು ಚಿಕಾಗೋದಲ್ಲಿ ವಾರದ ಏಳೂ ರಾತ್ರಿ ಪಂದ್ಯ ನಡೆಯುತ್ತಿತ್ತು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡಿದರು, ಕೋನಿ ಐಲೆಂಡಿನಲ್ಲಿ ಆಡಿದರು. ಹಳ್ಳಿ ಕಡೆಯ ಜಾತ್ರೆಗಳಲ್ಲಿ ನಮ್ಮಲ್ಲಿ ಸಾವಿನ ಬಾವಿ ಅಂತ ಮರದ ಬಾವಿಯೊಳಗೆ ಬೈಕ್ ಓಡಿಸುತ್ತಾರಲ್ಲ, ಟಿಕೆಟ್ ತಗೊಂಡು ಮೇಲೆ ನಿಂತು ಎದೆ ಢವ ಢವ ಅಂತ ನೋಡ್ತೀವಲ್ಲ, ಹಾಗೆಯೇ ಜನ ಬರುತ್ತಿದ್ದರು. ಗೋಲು ಎಷ್ಟಾಯ್ತು ಅಂತ ಕೇಳೋಕೆ ಅಲ್ಲ. ಎಷ್ಟು ಕಾರು ಪಲ್ಟಿ ಆಯ್ತು ಅಂತ ನೋಡೋಕೆ.

1924ರ ಲೆಕ್ಕಪುಸ್ತಕ

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ. 1924ರ ಒಂದು ವರ್ಷದಲ್ಲಿ ಹ್ಯಾಂಕಿನ್‌ಸನ್ನನ ಅಮೆರಿಕ ಮತ್ತು ಬ್ರಿಟಿಷ್ ತಂಡಗಳಿಗೆ ಆದ ನಷ್ಟದ ಲೆಕ್ಕ ಸಿಗುತ್ತೆ. ಮುರಿದ ಚಕ್ರ 1,564. ಸಿಡಿದ ಟೈರ್ 538. ತುಂಡಾದ ಆಕ್ಸಲ್ 66. ಬಿರುಕು ಬಿಟ್ಟ ಎಂಜಿನ್ 10. ಪೂರ್ತಿ ನಾಶವಾದ ಕಾರು 6.

ಮೊದಲು ಇದನ್ನು ಓದಿದಾಗ ನನಗೆ ನಗು ಬಂತು. ವರ್ಷದ 365 ದಿನವೂ ಆಡಿದರು ಅಂದುಕೊಂಡರೂ ದಿನಕ್ಕೆ ನಾಲ್ಕು ಚಕ್ರ! ಚಕ್ರವೇ ಯಾಕೆ ಇಷ್ಟು ಅಂತ ಯೋಚಿಸಿದರೆ ಉತ್ತರ ಸಿಗುತ್ತೆ. ಆಗಿನ ಚಕ್ರಕ್ಕೆ ಮರದ ಕಡ್ಡಿ. ಮೇಲಿನಿಂದ ಬರುವ ಭಾರವನ್ನು ಅದು ಚೆನ್ನಾಗಿ ಹೊರುತ್ತೆ, ಎತ್ತಿನ ಗಾಡಿ ಚಕ್ರ ಹೊತ್ತ ಹಾಗೆ. ಆದರೆ ಗಕ್ಕನೆ ತಿರುಗಿದಾಗ, ಪಕ್ಕದಿಂದ ಗುದ್ದಿದಾಗ ಅಡ್ಡ ಬಲ ಬೀಳುತ್ತೆ, ಕಡ್ಡಿ ಬುಡದಲ್ಲಿ ಲಟಕ್ ಅನ್ನುತ್ತೆ. ಮುರಿದ ಚಕ್ರ ಎಸೆದು ಹೊಸದು ಹಾಕಿದರೆ ಕಾರು ಮತ್ತೆ ರೆಡಿ. ಒಂದು ಲೆಕ್ಕದಲ್ಲಿ ಚಕ್ರ ಮುರಿದು ಆಕ್ಸಲ್ ಉಳಿಸುತ್ತಿತ್ತು. 1,564 ಚಕ್ರ ಹೋದರೂ ಎಂಜಿನ್ ಹೋಗಿದ್ದು ಹತ್ತೇ. ಮಾಡೆಲ್ ಟಿ ಗಟ್ಟಿ ಅಂತ ತೋರಿಸೋಕೆ ಹೊರಟ ಹ್ಯಾಂಕಿನ್‌ಸನ್ನನ ವಾದ ನಿಜಕ್ಕೂ ಗೆದ್ದಿತ್ತು.

ಎರಡನೇ ಸಲ ಓದಿದಾಗ ನಗು ಬರಲಿಲ್ಲ. ಈ ಲೆಕ್ಕದಲ್ಲಿ ಟೈರ್ ಇದೆ, ಆಕ್ಸಲ್ ಇದೆ. ಮನುಷ್ಯರು ಇಲ್ಲ. ಹೊರಗೆ ಜೋತು ಬಿದ್ದವರಲ್ಲಿ ಎಷ್ಟು ಜನರ ಕೈ ಮುರಿಯಿತು, ಎಷ್ಟು ಪಕ್ಕೆಲುಬು, ಎಷ್ಟು ಕಾಲರ್ ಬೋನ್? ಮ್ಯಾಲೆಟ್ ಹಿಡಿದವರು ಕಾರಿನಿಂದ ಎಸೆಯಲ್ಪಟ್ಟು ಬೀಳುತ್ತಿದ್ದರು, ಬಿದ್ದವರ ಮೇಲೆ ಇನ್ನೊಂದು ಕಾರು ಹತ್ತುವ ಭಯ ಇತ್ತು, ಗಾಯ ಮತ್ತು ಮೂಳೆ ಮುರಿತ ಮಾಮೂಲಾಗಿತ್ತು. ಸಾವು ಅಪರೂಪ ಅನ್ನೋದೊಂದೇ ಸಮಾಧಾನ. ಇನ್ಶೂರೆನ್ಸ್ ಕಂಪನಿಗಳು ಈ ಆಟಗಾರರಿಗೆ ಪಾಲಿಸಿ ಕೊಡೋಕೆ ಹಿಂಜರಿಯುತ್ತಿದ್ದವು. ಇನ್ಶೂರೆನ್ಸ್‌ನವರು ಭಾವನೆಯಿಂದ ಮಾತಾಡಲ್ಲ, ಬರೀ ಪ್ರಾಬಬಿಲಿಟಿ ನೋಡ್ತಾರೆ. ಅವರು ಬೇಡ ಅಂದರು ಅಂದಮೇಲೆ ಲೆಕ್ಕ ಎಷ್ಟು ಕೆಟ್ಟದಾಗಿತ್ತು ಅಂತ ನಾವೇ ಊಹಿಸಬಹುದು.

ಕೊನೆಗೆ ಈ ಆಟ ನಿಂತಿದ್ದು ಹೇಗೆ ಗೊತ್ತಾ? ಜನರಿಗೆ ಗಾಯ ಆಗುತ್ತೆ ಅಂತ ಯಾರೋ ಕರುಣೆ ತೋರಿಸಿದ್ದರಿಂದ ಅಲ್ಲ. 1920ರ ದಶಕದ ಕೊನೆಗೆ ಮುರಿದ ಕಾರುಗಳ ಖರ್ಚು ತಾಳಲಾಗದೆ ನಿಂತಿತು. 1925ಕ್ಕೆ ಮಾಡೆಲ್ ಟಿ ಬೆಲೆ 260 ಡಾಲರ್‌ವರೆಗೆ ಇಳಿದಿತ್ತು, ಆದರೂ ಗಿಟ್ಟಲಿಲ್ಲ. 1927ರಲ್ಲಿ, ಒಂದೂವರೆ ಕೋಟಿಗೂ ಹೆಚ್ಚು ಕಾರು ಮಾಡಿದ ಮೇಲೆ, ಫೋರ್ಡ್ ಆ ಮಾಡೆಲ್ಲನ್ನೇ ನಿಲ್ಲಿಸಿತು. ಎರಡನೇ ಮಹಾಯುದ್ಧದ ನಂತರ ಅಲ್ಲಲ್ಲಿ ಸ್ವಲ್ಪ ದಿನ ಮತ್ತೆ ಆಡಿದರು, ಅಷ್ಟೇ.

ಪೋಲೋ ಆದಮೇಲೆ

ಹ್ಯಾಂಕಿನ್‌ಸನ್ ಮಾತ್ರ ನಿಲ್ಲಲಿಲ್ಲ. ಕಾರ್ ಮಾರುವವನು ಅಷ್ಟರಲ್ಲಿ ಪೂರ್ತಿ ಶೋ ನಡೆಸುವವನಾಗಿದ್ದ. ಜಾತ್ರೆ ಮೈದಾನಗಳಲ್ಲಿ ಕಾರ್ ರೇಸ್ ಏರ್ಪಡಿಸೋದು, ಪೋಸ್ಟರ್ ಹಚ್ಚೋದು, ಡ್ರೈವರುಗಳನ್ನು ಒಟ್ಟು ಮಾಡೋದು, ಟಿಕೆಟ್ ಮಾರೋದು ಅವನ ಕಸುಬಾಯಿತು. ಅಮೆರಿಕದ ಪೂರ್ವ ಭಾಗದಲ್ಲಿ ಅವನಷ್ಟು ಹೆಸರಾದ ರೇಸ್ ಪ್ರೊಮೋಟರ್‌ಗಳು ಕೆಲವರೇ. ಪೆನ್ಸಿಲ್ವೇನಿಯಾದ ಲ್ಯಾಂಗ್‌ಹಾರ್ನ್ ಟ್ರ್ಯಾಕನ್ನು ಅವನು ವಹಿಸಿಕೊಂಡು ದೊಡ್ಡ ರೇಸುಗಳನ್ನು ಅಲ್ಲಿಗೆ ತಂದ.

ಆ ಟ್ರ್ಯಾಕಿನ ಬಗ್ಗೆ ಎರಡು ಮಾತು. 1926ರಲ್ಲಿ ಶುರುವಾದ ಅದು ಒಂದು ಮೈಲಿ ಸುತ್ತಳತೆಯ ಮಣ್ಣಿನ ಟ್ರ್ಯಾಕ್, ಹೆಚ್ಚು ಕಡಿಮೆ ಬಳೆಯ ಹಾಗೆ ದುಂಡಗೆ. ನೇರ ದಾರಿ ಅನ್ನೋದೇ ಇಲ್ಲ. ಬೇರೆ ಟ್ರ್ಯಾಕಿನಲ್ಲಿ ತಿರುವು ಮುಗಿದ ಮೇಲೆ ಡ್ರೈವರಿಗೂ ಟೈರಿಗೂ ಒಂದು ಉಸಿರು ತಗೊಳ್ಳೋಕೆ ಸಮಯ ಸಿಗುತ್ತೆ. ಇಲ್ಲಿ ಸಿಗಲ್ಲ. ತ್ರಿಜ್ಯ ಸುಮಾರು 256 ಮೀಟರ್ ಬರುತ್ತೆ. 140 ಕಿಮೀ ವೇಗದಲ್ಲಿ ಹೋದರೆ ರೇಸ್ ಮುಗಿಯುವವರೆಗೂ ಒಂದೇ ಸಮನೆ 0.6 ಜಿ ಪಕ್ಕಕ್ಕೆ ಎಳೀತಾ ಇರುತ್ತೆ, ಅದೂ ಗುಂಡಿ ಬಿದ್ದ ಮಣ್ಣಿನ ಮೇಲೆ. ಆ ಟ್ರ್ಯಾಕ್ ಇದ್ದಷ್ಟು ಕಾಲ ಅಲ್ಲಿ ಬಹಳ ಡ್ರೈವರುಗಳು ಸತ್ತರು. ಜನ ಮಾತ್ರ ಬರುತ್ತಲೇ ಇದ್ದರು.

ಹ್ಯಾಂಕಿನ್‌ಸನ್ ತೀರಿಕೊಂಡಿದ್ದು 1942ರಲ್ಲಿ. ಅದೇ ವರ್ಷ ಜುಲೈ ಕೊನೆಗೆ, ಯುದ್ಧಕ್ಕೆ ರಬ್ಬರ್, ಪೆಟ್ರೋಲ್ ಬೇಕು ಅಂತ ಅಮೆರಿಕ ಸರ್ಕಾರ ದೇಶದಾದ್ಯಂತ ಕಾರ್ ರೇಸ್ ನಿಲ್ಲಿಸಿತು. ಜೀವನಪೂರ್ತಿ ಕಾರುಗಳ ಸದ್ದು ಕೇಳಿಸಿದ ಮನುಷ್ಯ ಹೋದ ವರ್ಷ ಟ್ರ್ಯಾಕುಗಳೆಲ್ಲ ಸುಮ್ಮನಾಗಿದ್ದವು.

ಇವನನ್ನು ಏನಂತ ಅನ್ನೋಣ

ಇಷ್ಟು ಓದಿದ ಮೇಲೆ ಹ್ಯಾಂಕಿನ್‌ಸನ್ ಒಳ್ಳೆಯವನಾ ಕೆಟ್ಟವನಾ ಅಂತ ನೀವು ಕೇಳಬಹುದು. ನನಗೂ ಒಂದೇ ಉತ್ತರ ಸಿಕ್ಕಿಲ್ಲ. ಅವನು ಯಾರನ್ನೂ ಬಲವಂತವಾಗಿ ಕಾರು ಹತ್ತಿಸಲಿಲ್ಲ. ಆಟಗಾರರಿಗೆ ಅಪಾಯ ಏನು ಅಂತ ಗೊತ್ತಿತ್ತು. ಕಾರನ್ನು ನೋಡಿ ಹೆದರುತ್ತಿದ್ದ ರೈತರ ಭಯ ಬಿಡಿಸಿದ. ಹೊಸದನ್ನು ಜನರಿಗೆ ಮುಟ್ಟಿಸೋಕೆ ಡಿಸೈನ್ ಒಂದೇ ಸಾಲದು, ಕಣ್ಣಿಗೆ ಕಟ್ಟುವ ಹಾಗೆ ತೋರಿಸಬೇಕು ಅನ್ನೋದು ಅವನಿಂದ ನಾವು ಕಲಿಯಬೇಕಾದ್ದೇ. ನಮ್ಮ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ನಾವು ಮಾಡೋದೂ ಅದನ್ನೇ.

ಆದರೆ ಐಡಿಯಾ ಕೊಟ್ಟವನು, ಟಿಕೆಟ್ ಮಾರಿದವನು ಗೆರೆಯ ಆಚೆ ನಿಂತಿರುತ್ತಾನೆ. ಬೆಲ್ಟ್ ಇಲ್ಲದೆ ಪಕ್ಕದಲ್ಲಿ ಜೋತು ಬೀಳುವವನು ಇನ್ಯಾರೋ. ಅವನು ಒಪ್ಪಿಕೊಂಡೇ ಹತ್ತಿದ ಅನ್ನೋದು ನಿಜ. ನನ್ನ ರೂಮ್‌ಮೇಟ್ ಕೂಡ ಒಪ್ಪಿಕೊಂಡೇ ಹತ್ತಿದ್ದ. ನಾನು ಪೋಸ್ಟರಿನಲ್ಲಿ ಹೆಲ್ಮೆಟ್ ಅನ್ನೋ ಪದ ಹಾಕೋಕೂ ಮರೆತಿದ್ದೆ, ಬಹುಮಾನ ಏನು ಅಂತ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದೆ. ನಮ್ಮ ಡಿಸೈನ್ ಕ್ಲಾಸಿನಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಮೊದಲ ವಾರವೇ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡವನು ನಾನೇ.

ಆಪರೇಷನ್ ಆದ ಮಾರನೇ ದಿನ ಅವನ ಅಮ್ಮ ಊರಿಂದ ಬಸ್ಸಿನಲ್ಲಿ ಬಂದರು. ಡಬ್ಬಿಯಲ್ಲಿ ನನಗೂ ಸೇರಿಸಿ ಚಪಾತಿ ಪಲ್ಯ ಕಟ್ಟಿಕೊಂಡು ಬಂದಿದ್ದರು. ಊಟ ಆದಮೇಲೆ, ಈ ಆಟ ಆಡಿ ಅಂತ ನಿಮಗೆ ಹೇಳಿದ್ದು ಯಾರಪ್ಪ ಅಂತ ಕೇಳಿದರು. ಅವನು ನನ್ನ ಮುಖ ನೋಡಿ, ಎಲ್ಲರೂ ಸೇರಿ ಮಾಡಿದ್ದು ಅಂತ ಹೇಳಿಬಿಟ್ಟ. ನಾನು ತಲೆ ಎತ್ತಲಿಲ್ಲ. ಅವರು ನನ್ನ ತಲೆ ಸವರಿ, ನೀನು ಜೊತೆಗಿದ್ದಿದ್ದಕ್ಕೆ ಒಳ್ಳೇದಾಯ್ತು ಮಗಾ ಅಂದರು.

1924ರ ಆ ಪಟ್ಟಿ ನನ್ನ ಮನಸ್ಸಿನಲ್ಲಿ ಕೂತಿರೋದು ಅದಕ್ಕೇ. ನಾವು ಏನನ್ನು ಎಣಿಸುತ್ತೇವೆ, ಏನನ್ನು ಬಿಡುತ್ತೇವೆ ಅನ್ನೋದು ಬರೀ ಲೆಕ್ಕದ ವಿಷಯ ಅಲ್ಲ. ಅವತ್ತು ಸ್ಕೂಟರಿನ ಮಿರರ್ ಮುರಿದದ್ದು, ಇಂಡಿಕೇಟರ್ ಒಡೆದದ್ದು ಎಲ್ಲ ನಾವು ಸೇರಿ ಲೆಕ್ಕ ಹಾಕಿ ದುಡ್ಡು ಹಂಚಿಕೊಂಡೆವು. ಅವನ ಒಂದು ಸೆಮಿಸ್ಟರ್ ಬಗ್ಗೆ ಯಾರೂ ಮಾತಾಡಲಿಲ್ಲ. ಬಲಗೈ ಸ್ಲಿಂಗ್‌ನಲ್ಲಿ ಇದ್ದಿದ್ದರಿಂದ ಅವನು ಎರಡು ಲ್ಯಾಬ್ ಎಕ್ಸಾಂ ಬರೆಯೋಕಾಗಲಿಲ್ಲ.

ಈ ಲೇಖನ ಬರೆದು ಮೊದಲು ಓದೋಕೆ ಕೊಟ್ಟಿದ್ದು ಅವನಿಗೇ. ಓದಿ, ಮೂರು ಸ್ಪೆಲ್ಲಿಂಗ್ ತಿದ್ದಿದ. ಆಮೇಲೆ, ಈ ರಜೆಗೆ ಊರಿಗೆ ಬಾ, ಅಮ್ಮನಿಗೆ ನೀನೇ ಓದಿ ಹೇಳು ಅಂದ. ಮುಂದಿನ ಶನಿವಾರಕ್ಕೆ ಬಸ್ ಟಿಕೆಟ್ ಬುಕ್ ಮಾಡಿದ್ದೀನಿ.

ಮೆಕ್ಯಾನಿಕಲ್ ವಿಭಾಗ, ಎರಡನೇ ವರ್ಷ